ಮನೆಯ ಸುಶಿಗೆ ಹಸಿ ಮೀನು: ಖರ್ಚಿನ ಲೆಕ್ಕ ಹಾಕುವ ಬಗೆ

ವಿನೆಗರ್ ಬೆರೆಸಿದ ಅನ್ನದಿಂದ ಮಾಡುವ ಜಪಾನೀ ತಿನಿಸಾದ ಸುಶಿಯನ್ನು ಮನೆಯಲ್ಲಿ ಮಾಡುವವರಿಗೆ ಅಕ್ಕಿ, ವಿನೆಗರ್, ನೊರಿ ಎಂಬ ಒಣ ಕಡಲಪಾಚಿಯ ಹಾಳೆ, ಸೋಯಾ ಸಾಸ್ ಇವುಗಳ ಖರ್ಚು ಒಮ್ಮೆ ಆದರೆ ಹಲವು ಸಲದ ಅಡುಗೆಗೆ ಹಂಚಿಹೋಗುತ್ತದೆ. ಮೀನಿನ ಖರ್ಚನ್ನು ಮಾತ್ರ ಪ್ರತಿ ಸಲವೂ ಹೊಸದಾಗಿ, ಪೂರ್ತಿಯಾಗಿ ತೆರಬೇಕಾಗುತ್ತದೆ. ಹಸಿಯಾಗಿ ತಿನ್ನುವ ಮೀನನ್ನು ಮುಂದಿನ ವಾರಕ್ಕೆಂದು ಎತ್ತಿಡುವಂತಿಲ್ಲ. ಅಗ್ಗವಾಗಿ ಸಿಕ್ಕಿತೆಂದು ಹೆಚ್ಚು ಕೊಂಡರೆ ಉಳಿದದ್ದು ಬಾಣಲೆಗೆ ಹೋಗುತ್ತದೆ, ಕಡಿಮೆ ಕೊಂಡರೆ ಬೇಯಿಸಿದ ಅನ್ನ ವ್ಯರ್ಥವಾಗುತ್ತದೆ. ಆದ್ದರಿಂದ ಅಂಗಡಿಯ ಫಲಕದಲ್ಲಿರುವ ಕಿಲೋ ಬೆಲೆಯನ್ನು ನೋಡಿ ತೀರ್ಮಾನಿಸುವ ಬದಲು, ತಟ್ಟೆಗೆ ಬರುವ ಒಂದೊಂದು ತುಂಡಿಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕದಿಂದ ಕೊಳ್ಳುವುದೇ ಸರಿಯಾದ ಕ್ರಮ. ಈ ಲೆಕ್ಕ ಒಮ್ಮೆ ಕೈಗೆ ಹತ್ತಿದರೆ, ಎಲ್ಲಿ ಹಣ ಉಳಿಸಬಹುದು, ಎಲ್ಲಿ ಉಳಿಸಲು ಹೋಗಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ತಟ್ಟೆಯಿಂದ ಹಿಂದಕ್ಕೆ ಎಣಿಸುವುದು

ಮೊದಲು ಎಷ್ಟು ಮೀನು ಬೇಕೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಹೊಸಬರಲ್ಲಿ ಬಹಳ ಮಂದಿ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಕೊಳ್ಳುತ್ತಾರೆ. ಕೈಯಲ್ಲಿ ಒತ್ತಿ ಮಾಡುವ ಒಂದು ನಿಗಿರಿಯ ಮೇಲೆ ಇಡುವ ಮೀನಿನ ಹೋಳು ಸಾಮಾನ್ಯವಾಗಿ 12ರಿಂದ 15 ಗ್ರಾಂ ತೂಗುತ್ತದೆ, ಅದರ ಕೆಳಗಿನ ಅನ್ನದ ಉಂಡೆ 15ರಿಂದ 20 ಗ್ರಾಂ ಇರುತ್ತದೆ. ಅರ್ಧ ನೊರಿ ಹಾಳೆಯಲ್ಲಿ ಸುತ್ತುವ ತೆಳುವಾದ ಸುರುಳಿಯೊಂದಕ್ಕೆ 25ರಿಂದ 30 ಗ್ರಾಂ ಮೀನು ಸಾಕಾಗುತ್ತದೆ. ಅದನ್ನು ಕತ್ತರಿಸಿದರೆ ಆರು ತುಂಡುಗಳಾಗುತ್ತವೆ, ಅಂದರೆ ತುಂಡಿಗೆ ಹೆಚ್ಚೆಂದರೆ ಐದು ಗ್ರಾಂ ಬರುತ್ತದೆ. ಬಟ್ಟಲಿನ ಅನ್ನದ ಮೇಲೆ ಹೋಳುಗಳನ್ನು ಹರಡುವ ಚಿರಾಶಿ ಮಾಡುವುದಾದರೆ ತಲೆಗೆ 80ರಿಂದ 100 ಗ್ರಾಂ ಹಿಡಿಯಬಹುದು.

ನಾಲ್ವರು ತಲಾ ಹತ್ತು ತುಂಡು ತಿನ್ನುತ್ತಾರೆಂದು ಇಟ್ಟುಕೊಳ್ಳೋಣ. ನಲವತ್ತೂ ನಿಗಿರಿಯೇ ಆಗಬೇಕೆಂದರೆ, ಹೋಳಿಗೆ 14 ಗ್ರಾಂನಂತೆ, 560 ಗ್ರಾಂ ಶುದ್ಧ ಮಾಂಸ ಬೇಕು. ಅದರ ಬದಲು ಇಪ್ಪತ್ತು ನಿಗಿರಿ ಮತ್ತು ನಾಲ್ಕು ಸುರುಳಿ ಎಂದು ಗೊತ್ತುಮಾಡಿದರೆ ನಿಗಿರಿಗೆ 280 ಗ್ರಾಂ, ಸುರುಳಿಗಳಿಗೆ 120 ಗ್ರಾಂ, ಒಟ್ಟು 400 ಗ್ರಾಂಗೆ ಕೆಲಸ ಮುಗಿಯುತ್ತದೆ, ತುಂಡುಗಳ ಸಂಖ್ಯೆಯೂ ನಲವತ್ತನಾಲ್ಕಾಗುತ್ತದೆ. ಈ ಎರಡನೆಯ ವ್ಯವಸ್ಥೆಯಲ್ಲಿ ಇನ್ನೊಂದು ಲಾಭವಿದೆ. ನಿಗಿರಿಗೆ ಹೋಳು ತೆಗೆಯುವಾಗ ಮೀನಿನ ತುಂಡಿನ ಎರಡು ತುದಿಗಳಲ್ಲಿ, ಅಂಚುಗಳಲ್ಲಿ ಅಂದಗೆಟ್ಟ ಚೂರುಗಳು ಉಳಿದೇ ಉಳಿಯುತ್ತವೆ; ಅವುಗಳಿಗೆ ಸುರುಳಿಯ ಒಳಗೆ ಜಾಗ ಸಿಗುವುದರಿಂದ ಕತ್ತರಿಸುವಾಗಿನ ನಷ್ಟ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ನಿಗಿರಿಯೊಂದನ್ನೇ ಮಾಡುವವರು 560 ಗ್ರಾಂ ಬೇಕಾದಲ್ಲಿ 620 ಗ್ರಾಂ ಕೊಳ್ಳಬೇಕಾದೀತು. ಹೀಗಾಗಿ ಖರ್ಚನ್ನು ನಿರ್ಧರಿಸುವ ಮೊದಲ ಸಂಗತಿ ಮೀನಿನ ಜಾತಿಯೂ ಅಲ್ಲ, ಅಂಗಡಿಯೂ ಅಲ್ಲ. ಏನನ್ನು ಎಷ್ಟು ಮಾಡುತ್ತೇವೆಂಬ ಪಟ್ಟಿ.

ಕಿಲೋ ಬೆಲೆ ಮತ್ತು ತಿನ್ನುವ ಭಾಗದ ಬೆಲೆ

ಮೀನು ಅಂಗಡಿಯಲ್ಲಿ ಮುಖ್ಯವಾಗಿ ನಾಲ್ಕು ರೂಪಗಳಲ್ಲಿ ಸಿಗುತ್ತದೆ: ಇಡೀ ಮೀನು, ಮುಳ್ಳಿನಿಂದ ಬಿಡಿಸಿದ ಫಿಲೆಟ್, ಚರ್ಮ ಮತ್ತು ಕಪ್ಪು ರಕ್ತದ ಭಾಗವನ್ನು ತೆಗೆದು ಇಟ್ಟಿಗೆಯಾಕಾರಕ್ಕೆ ಕೊಯ್ದ ಗಟ್ಟಿ, ಮತ್ತು ತಿನ್ನಲು ಸಿದ್ಧವಾಗಿ ಹೋಳು ಮಾಡಿದ ಸಶಿಮಿ. ಈ ಅನುಕ್ರಮದಲ್ಲಿಯೇ ಕಿಲೋ ಬೆಲೆ ಏರುತ್ತ ಹೋಗುತ್ತದೆ. ಆದರೆ ಇಡೀ ಮೀನಿನಲ್ಲಿ ತಲೆ, ಮುಳ್ಳು, ಕರುಳು, ಕಿವಿರು, ಚರ್ಮ ಎಲ್ಲ ತೂಕಕ್ಕೆ ಸೇರಿರುತ್ತವೆ. ದೊಡ್ಡ ತಲೆಯ ಬಿಳಿ ಮಾಂಸದ ಮೀನುಗಳಲ್ಲಿ ಚರ್ಮವಿಲ್ಲದ ಶುದ್ಧ ಮಾಂಸ ಒಟ್ಟು ತೂಕದ ಶೇಕಡ 40ರ ಸುಮಾರಿಗೆ ನಿಲ್ಲುತ್ತದೆ. ಸಾಲ್ಮನ್‌ನಂತಹ ಸಣ್ಣ ತಲೆಯ, ತುಂಬಿದ ಮೈಯ ಮೀನಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಚರ್ಮ ಸಹಿತವಾದ ಫಿಲೆಟ್‌ನಿಂದ ಚರ್ಮ, ಹೊಟ್ಟೆಯ ಒಳಪೊರೆ, ಸಣ್ಣ ಮುಳ್ಳುಗಳ ಸಾಲು, ಕಪ್ಪು ಮಾಂಸ ಇವುಗಳನ್ನು ತೆಗೆದರೆ ಶೇಕಡ 80ರಷ್ಟು ಉಳಿಯಬಹುದು. ಗಟ್ಟಿಯಲ್ಲಿ ಬಿಸಾಡುವಂಥದ್ದು ಬಹುತೇಕ ಏನೂ ಇರುವುದಿಲ್ಲ.

ಒಂದೇ ಜಾತಿಯ ಇಡೀ ಮೀನು ಕಿಲೋಗೆ 100, ಫಿಲೆಟ್ 190, ಗಟ್ಟಿ 300 ಎಂಬ ಕಾಲ್ಪನಿಕ ಬೆಲೆಗಳನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ನಾಣ್ಯ ಯಾವುದಾದರೂ ಆಗಲಿ. ನಮಗೆ ಬೇಕಾದ 400 ಗ್ರಾಂ ಶುದ್ಧ ಮಾಂಸವನ್ನು ಇಡೀ ಮೀನಿನಿಂದ ಪಡೆಯಲು ಒಂದು ಕಿಲೋ ಕೊಳ್ಳಬೇಕು, ಖರ್ಚು 100. ಫಿಲೆಟ್ ಆದರೆ 500 ಗ್ರಾಂ ಸಾಕು, ಖರ್ಚು 95. ಗಟ್ಟಿಯಾದರೆ 420 ಗ್ರಾಂ, ಖರ್ಚು 126. ಫಲಕದ ಮೇಲೆ ಮೂರು ಪಟ್ಟಿನಂತೆ ಕಂಡ ವ್ಯತ್ಯಾಸ ತಟ್ಟೆಯ ಮೇಲೆ ಕಾಲು ಭಾಗಕ್ಕೆ ಇಳಿಯಿತು. ಇದರ ಜೊತೆಗೆ ಇಡೀ ಮೀನನ್ನು ನಮಗೆ ಬೇಕಾದ ಗಾತ್ರದಲ್ಲಿಯೇ ಕೊಡುವಂತೆ ಸಮುದ್ರವನ್ನು ಕೇಳಲಾಗದು. ಸಿಕ್ಕಿದ್ದು ಮೂರು ಕಿಲೋ ತೂಕದ್ದಾದರೆ 300 ತೆತ್ತು 1200 ಗ್ರಾಂ ಮಾಂಸ ತರಬೇಕಾಗುತ್ತದೆ. ಆ ಉಳಿದ 800 ಗ್ರಾಂ ಬೇಯಿಸಿ ತಿನ್ನುವ ಮನೆಯಾದರೆ ಅದು ನಷ್ಟವಲ್ಲ, ಆದರೆ ಅದನ್ನು ಸುಶಿಯ ಉಳಿತಾಯವೆಂದು ಕರೆಯಲೂ ಆಗದು. ಮೀನು ಬಿಡಿಸುವ ಕೈ ಪಳಗದವರ ವಿಷಯದಲ್ಲಿ ಮುಳ್ಳಿಗೆ ಅಂಟಿಕೊಂಡು ಹೋಗುವ ಮಾಂಸವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಹೋಳು ಮಾಡಿದ ಸಶಿಮಿ ಗ್ರಾಂ ಲೆಕ್ಕದಲ್ಲಿ ಎಲ್ಲಕ್ಕಿಂತ ದುಬಾರಿ. ಹಾಗಿದ್ದರೂ ಒಬ್ಬರೇ ತಿನ್ನುವಾಗ, ಮೂರು ಬಗೆಯ ಮೀನು ತಲಾ ಮೂರು ಹೋಳು ಬೇಕೆನ್ನುವವರಿಗೆ, ಮೂರು ಗಟ್ಟಿ ಕೊಳ್ಳುವುದಕ್ಕಿಂತ ಅದೇ ಅಗ್ಗವಾಗುತ್ತದೆ. ಕೊಯ್ದ ಮೇಲ್ಮೈ ಹೆಚ್ಚಿದಷ್ಟೂ ಮೀನು ಬೇಗ ಸತ್ವ ಕಳೆದುಕೊಳ್ಳುತ್ತದೆ ಎಂಬುದನ್ನು ಮರೆಯದೆ, ಅಂಥದ್ದನ್ನು ಕೊಂಡ ದಿನವೇ ತಿನ್ನಬೇಕು.

ತೂಕದಲ್ಲಿ ನೀರನ್ನು ಕೊಳ್ಳುವ ಅಪಾಯವೂ ಇದೆ. ಹೆಪ್ಪುಗಟ್ಟಿಸಿದ ಸೀಗಡಿಯ ಮೇಲೆ, ಅದು ಒಣಗದಿರಲೆಂದು, ಮಂಜಿನ ತೆಳು ಕವಚವನ್ನು ಹಾಕಿರುತ್ತಾರೆ. ಪೊಟ್ಟಣದ ಮೇಲಿನ ಒಟ್ಟು ತೂಕವನ್ನು ಬಿಟ್ಟು ಮಂಜು ಕಳೆದ ನಿವ್ವಳ ತೂಕವನ್ನು ಓದಬೇಕು. ಸ್ಕ್ಯಾಲಪ್ ಎಂಬ ಚಿಪ್ಪುಜೀವಿಯ ಮಾಂಸವನ್ನು ಫಾಸ್ಫೇಟ್ ದ್ರಾವಣದಲ್ಲಿ ನೆನೆಸಿ ಮಾರುವುದುಂಟು, ಆಗ ಅದು ನೀರು ಹೀರಿ ಉಬ್ಬಿ ಬೆಳ್ಳಗೆ ಹೊಳೆಯುತ್ತದೆ. ನೆನೆಸದ ಮಾಂಸ ಕೆನೆಬಣ್ಣಕ್ಕೋ ತುಸು ಗುಲಾಬಿಗೋ ತಿರುಗಿರುತ್ತದೆ, ಮುಟ್ಟಿದರೆ ಅಂಟಂಟಾಗಿರುತ್ತದೆ, ಬೆಲೆಯೂ ಹೆಚ್ಚಿರುತ್ತದೆ. ಅದನ್ನೇ ಕೊಳ್ಳುವುದು ಒಳ್ಳೆಯದು.

‘ಸುಶಿ ದರ್ಜೆ’ ಎಂಬ ಚೀಟಿಗೆ ಎಷ್ಟು ಕೊಡಬೇಕು

‘ಸುಶಿ ದರ್ಜೆ’, ‘ಸಶಿಮಿ ದರ್ಜೆ’ ಎಂಬ ಚೀಟಿ ಅಂಟಿಸಿದ ಕೂಡಲೇ ಬೆಲೆ ಏರುತ್ತದೆ. ಅಮೆರಿಕದಲ್ಲಿ ಈ ಮಾತಿಗೆ ಕಾನೂನಿನ ವ್ಯಾಖ್ಯೆಯಿಲ್ಲ. ಇದು ಮಾರುವವನು ತಾನೇ ಕೊಟ್ಟುಕೊಂಡ ಹೆಸರು. ನಂಬಿಕೆಗೆ ಅರ್ಹನಾದ ವ್ಯಾಪಾರಿ ಈ ಹೆಸರಿನಲ್ಲಿ, ಹಿಡಿದ ಕೂಡಲೇ ರಕ್ತ ಬಸಿದು, ತಣ್ಣಗಿಟ್ಟು, ಬೇಕಾದಲ್ಲಿ ಹೆಪ್ಪುಗಟ್ಟಿಸಿ, ಬೇರೆಯದೇ ಹಲಗೆಯ ಮೇಲೆ ಕೊಯ್ದ ಮೀನನ್ನು ಕೊಡುತ್ತಾನೆ. ಇನ್ನೊಬ್ಬ ಬರಿಯ ಚೀಟಿಯನ್ನು ಕೊಡಬಹುದು. ಹೆಚ್ಚಿನ ಬೆಲೆಯನ್ನು ತೆರಬೇಕಾದದ್ದು ಮೊದಲಿನವನು ಮಾಡಿದ ಕೆಲಸಕ್ಕೆ, ಆದ್ದರಿಂದ ಆ ಕೆಲಸ ನಡೆದಿದೆಯೇ ಎಂದು ಕೇಳಿ ತಿಳಿಯಬೇಕು.

ಕಾನೂನು ಮಾತಾಡುವುದು ಪರಾವಲಂಬಿ ಹುಳುಗಳ ಬಗ್ಗೆ. ಸಮುದ್ರದ ಮೀನುಗಳಲ್ಲಿ ಇರುವ ಅನಿಸಾಕಿಸ್ ಎಂಬ ದಾರದಂಥ ಹುಳುವಿನ ಮರಿ ಮನುಷ್ಯನ ಹೊಟ್ಟೆಗೆ ಸೇರಿದರೆ ಜಠರದ ಗೋಡೆಯನ್ನು ಕಚ್ಚಿ ತೀವ್ರ ನೋವನ್ನುಂಟುಮಾಡುತ್ತದೆ. ಇದನ್ನು ಕೊಲ್ಲಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮೂರು ವಿಧಾನಗಳನ್ನು ಹೇಳುತ್ತದೆ: ಮೈನಸ್ 20 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಏಳು ದಿನ ಇಡುವುದು, ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾಗುವವರೆಗೆ ಹೆಪ್ಪುಗಟ್ಟಿಸಿ ಅದೇ ಶೈತ್ಯದಲ್ಲಿ 15 ಗಂಟೆ ಇಡುವುದು, ಮೈನಸ್ 35ರಲ್ಲಿ ಗಟ್ಟಿಯಾಗಿಸಿ ಮೈನಸ್ 20ರಲ್ಲಿ 24 ಗಂಟೆ ಇಡುವುದು. ಐರೋಪ್ಯ ಒಕ್ಕೂಟದ ನಿಯಮ ಮೀನಿನ ಎಲ್ಲ ಭಾಗಗಳೂ ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ 24 ಗಂಟೆ ಅಥವಾ ಮೈನಸ್ 35 ಡಿಗ್ರಿಯಲ್ಲಿ ಕನಿಷ್ಠ 15 ಗಂಟೆ ಇರಬೇಕೆನ್ನುತ್ತದೆ. ಅಮೆರಿಕದ ನಿಯಮದಲ್ಲಿ ದೊಡ್ಡ ಟ್ಯೂನಾ ಜಾತಿಗಳಿಗೆ ಈ ಕಟ್ಟುಪಾಡಿನಿಂದ ವಿನಾಯಿತಿಯಿದೆ. ಹುಳುಗಳಿಲ್ಲದ ಸಿದ್ಧ ಆಹಾರವನ್ನೇ ತಿನ್ನಿಸಿ ಸಾಕಿದ ಮೀನಿಗೆ ಎರಡು ಕಡೆಯ ನಿಯಮಗಳೂ ವಿನಾಯಿತಿ ಕೊಡುತ್ತವೆ.

ಇದರಿಂದ ಕೊಳ್ಳುವವನಿಗೆ ಎರಡು ಅನುಕೂಲಗಳಿವೆ. ಒಂದು, ಹೆಪ್ಪುಗಟ್ಟಿಸಿದ ಮೀನು ಕೀಳು, ತಾಜಾ ಮೀನು ಮೇಲು ಎಂಬ ಭಾವನೆ ಸುಶಿಯ ಮಟ್ಟಿಗೆ ನಿಲ್ಲುವುದಿಲ್ಲ. ಹಡಗಿನ ಮೇಲೆಯೇ ಹೆಪ್ಪುಗಟ್ಟಿಸಿದ ಮೀನು ಮಂಜಿನ ಹಾಸಿಗೆಯ ಮೇಲೆ ದಿನಗಟ್ಟಲೆ ಮಲಗಿದ ‘ತಾಜಾ’ ಮೀನಿಗಿಂತ ಹಲವು ಸಲ ಉತ್ತಮವಾಗಿರುತ್ತದೆ, ಅಗ್ಗವೂ ಆಗಿರುತ್ತದೆ, ಬೇಕಾದಾಗ ಬೇಕಾದಷ್ಟನ್ನೇ ಕರಗಿಸುವ ಸೌಕರ್ಯವನ್ನೂ ಕೊಡುತ್ತದೆ. ಎರಡು, ಸಾಕಿದ ಸಾಲ್ಮನ್ ಕೊಳ್ಳುವವನು ದುಬಾರಿ ಚೀಟಿಯ ಹಿಂದೆ ಬೀಳದೆ, ಸಾಕಿದ್ದೇ ಎಂಬುದನ್ನೂ ಅಂಗಡಿಯ ಶುಚಿತ್ವವನ್ನೂ ದಿನಾಂಕವನ್ನೂ ಖಚಿತಪಡಿಸಿಕೊಂಡರೆ ಮುಖ್ಯ ಕೆಲಸ ಮುಗಿದಂತೆ.

ಸಾಧಾರಣ ಮೀನನ್ನು ಅಗ್ಗವಾಗಿ ತಂದು ಮನೆಯ ಫ್ರೀಜರ್‌ನಲ್ಲಿಟ್ಟು ತಾವೇ ‘ಸುಶಿ ದರ್ಜೆ’ ಮಾಡಿಕೊಳ್ಳುವ ಉಪಾಯವನ್ನು ಹಲವರು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18 ಡಿಗ್ರಿಗೆ ಹೊಂದಿಸಿರುತ್ತದೆ, ಬಾಗಿಲು ತೆರೆದಾಗಲೆಲ್ಲ ಶೈತ್ಯ ಕಡಿಮೆಯಾಗುತ್ತದೆ, ದಪ್ಪ ತುಂಡಿನ ನಡುಭಾಗ ಯಾವಾಗ ಮೈನಸ್ 20ಕ್ಕೆ ಇಳಿಯಿತೆಂದು ತಿಳಿಯುವ ದಾರಿಯಿರುವುದಿಲ್ಲ. ಅದರೊಂದಿಗೆ, ನಿಧಾನವಾಗಿ ಹೆಪ್ಪುಗಟ್ಟುವ ಮೀನಿನಲ್ಲಿ ದೊಡ್ಡ ಮಂಜಿನ ಹರಳುಗಳು ಬೆಳೆದು ಮಾಂಸದ ಎಳೆಗಳನ್ನು ಹರಿಯುತ್ತವೆ. ಕರಗಿಸಿದಾಗ ರಸವೆಲ್ಲ ಸೋರಿ ತೂಕವೂ ರುಚಿಯೂ ಒಟ್ಟಿಗೆ ಹೋಗುತ್ತವೆ. ಶೈತ್ಯವು ಹುಳುಗಳನ್ನು ಕೊಲ್ಲುತ್ತದೆಯೇ ಹೊರತು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಖರ್ಚು ಉಳಿಸುವ ಹಲವು ದಾರಿಗಳಲ್ಲಿ ಇದೊಂದನ್ನು ಬಿಟ್ಟುಬಿಡುವುದೇ ಕ್ಷೇಮ. ಸಿಹಿನೀರಿನ ಕಾಡು ಮೀನುಗಳನ್ನಂತೂ ಎಷ್ಟೇ ಅಗ್ಗವಾಗಿ ಸಿಕ್ಕರೂ ಹಸಿಯಾಗಿ ತಿನ್ನಬಾರದು. ಯಕೃತ್ತಿನಲ್ಲಿ ನೆಲೆಸುವ ಚಪ್ಪಟೆ ಹುಳುಗಳಂತಹ ಬೇರೆಯೇ ಪರಾವಲಂಬಿಗಳು ಅವುಗಳಲ್ಲಿರುತ್ತವೆ. ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಹಸಿ ಮೀನನ್ನೇ ಬಿಡಬೇಕು.

ಯಾವ ಮೀನು, ಯಾವ ಭಾಗ

ಟ್ಯೂನಾದಲ್ಲಿ ಬೆಲೆಯನ್ನು ನಿರ್ಧರಿಸುವುದು ಕೊಬ್ಬು. ಬೆನ್ನಿನ ಕಡೆಯ ಕೆಂಪು ಮಾಂಸ ಅಕಾಮಿ, ಮಧ್ಯಮ ಕೊಬ್ಬಿನದು ಚೂಟೊರೊ, ಹೊಟ್ಟೆಯ ಅತಿ ಕೊಬ್ಬಿನದು ಓಟೊರೊ. ಈ ಕ್ರಮದಲ್ಲಿ ಬೆಲೆ ಏರುತ್ತದೆ. ಮಂಜುಗಡ್ಡೆಯ ಸೌಕರ್ಯವಿಲ್ಲದ ಕಾಲದಲ್ಲಿ ಬೇಗ ಕೆಡುತ್ತದೆಂದು ಜಪಾನಿನಲ್ಲಿ ಯಾರೂ ಬೆಲೆ ಕೊಡದಿದ್ದ ಹೊಟ್ಟೆಯ ಭಾಗವೇ ಇಂದು ಎಲ್ಲಕ್ಕಿಂತ ದುಬಾರಿ ಎಂಬುದು ಗಮನಿಸತಕ್ಕ ಸಂಗತಿ. ಟೋಕಿಯೊದ ತೊಯೊಸು ಮಾರುಕಟ್ಟೆಯ ಹೊಸವರ್ಷದ ಹರಾಜಿನಲ್ಲಿ, 2019ರಲ್ಲಿ, 278 ಕಿಲೋ ತೂಕದ ನೀಲರೆಕ್ಕೆಯ ಟ್ಯೂನಾ ಅಂದಿನ ದಾಖಲೆ ಬೆಲೆಗೆ ಹೋದದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು; ಅದು ಪ್ರಚಾರಕ್ಕಾಗಿ ತೆತ್ತ ಹಣ, ಮನೆಯವರು ಅದನ್ನು ನೋಡಿ ಟ್ಯೂನಾದ ಆಸೆ ಬಿಡಬೇಕಾಗಿಲ್ಲ. ಹಳದಿರೆಕ್ಕೆಯ ಟ್ಯೂನಾ, ದೊಡ್ಡಕಣ್ಣಿನ ಟ್ಯೂನಾ, ಬಿಳಿಛಾಯೆಯ ಆಲ್ಬಕೋರ್ ಇವು ನೀಲರೆಕ್ಕೆಯದಕ್ಕಿಂತ ಎಷ್ಟೋ ಅಗ್ಗ, ಅಕಾಮಿಯ ರೂಪದಲ್ಲಿ ಚೆನ್ನಾಗಿಯೇ ಒಪ್ಪುತ್ತವೆ.

ಕಡಿಮೆ ಬೆಲೆಯ ಅಕಾಮಿಗೆ ರುಚಿ ತುಂಬುವ ಹಳೆಯ ಉಪಾಯವೊಂದಿದೆ. ಗಟ್ಟಿಯನ್ನು ಕುದಿಯುವ ನೀರಿನಲ್ಲಿ ಮೇಲ್ಮೈ ಬೆಳ್ಳಗಾಗುವಷ್ಟು ಕ್ಷಣ ಮುಳುಗಿಸಿ, ಕೂಡಲೇ ಮಂಜಿನ ನೀರಿಗೆ ಹಾಕಿ, ಒರೆಸಿ, ಸೋಯಾ ಸಾಸ್ ಮತ್ತು ಮಿರಿನ್ ಎಂಬ ಸಿಹಿಯಾದ ಅಕ್ಕಿಯ ಮದ್ಯವನ್ನು ಸ್ವಲ್ಪ ಕಲಸಿದ ರಸದಲ್ಲಿ ಅರ್ಧ ಗಂಟೆ ಫ್ರಿಜ್‌ನಲ್ಲಿ ನೆನೆಸಬೇಕು. ಝುಕೆ ಎಂದು ಕರೆಯುವ ಈ ವಿಧಾನದಿಂದ ಸಪ್ಪೆಯೆನಿಸುವ ಕೆಂಪು ಮಾಂಸಕ್ಕೆ ಗಾಢತೆ ಬರುತ್ತದೆ. ಗಟ್ಟಿ ಆರಿಸುವಾಗ ಬಿಳಿಯ ನರದ ಗೆರೆಗಳು ಅಂತರ ಬಿಟ್ಟು ಸಮಾನಾಂತರವಾಗಿ ಸಾಗಿರುವುದನ್ನು ನೋಡಿ ತೆಗೆದುಕೊಳ್ಳಬೇಕು. ಗೆರೆಗಳು ಒತ್ತೊತ್ತಾಗಿ ಬಾಗಿರುವ ಬಾಲದ ಕಡೆಯ ತುಂಡು ಅಗ್ಗವಾಗಿರುತ್ತದೆ, ನಿಗಿರಿಗೆ ನಾರಾಗುತ್ತದೆ. ಆದರೆ ಅದನ್ನು ಚಮಚದಿಂದ ಕೆರೆದು, ನರವನ್ನು ಹಿಂದೆ ಬಿಟ್ಟು, ಬಂದ ಮುದ್ದೆಗೆ ಈರುಳ್ಳಿ ಸೊಪ್ಪು ಸೇರಿಸಿ ಸುರುಳಿಗೆ ಬಳಸಿದರೆ ಯಾವ ದೋಷವೂ ತಿಳಿಯುವುದಿಲ್ಲ.

ಟ್ಯೂನಾದ ಬಣ್ಣಕ್ಕೆ ಮರುಳಾಗಬಾರದು. ಕಾರ್ಬನ್ ಮೊನಾಕ್ಸೈಡ್ ಅನಿಲ ತಾಗಿಸಿದ ಮಾಂಸ ಹಳೆಯದಾದರೂ ಕಲ್ಲಂಗಡಿ ಹಣ್ಣಿನಂತೆ ಕೆಂಪಾಗಿಯೇ ಇರುತ್ತದೆ. ಐರೋಪ್ಯ ಒಕ್ಕೂಟವೂ ಜಪಾನೂ ಈ ಕ್ರಮವನ್ನು ನಿಷೇಧಿಸಿವೆ, ಅಮೆರಿಕದಲ್ಲಿ ಅನುಮತಿಯಿದೆ. ಅಸಹಜವಾಗಿ ಹೊಳೆಯುವ, ಎಲ್ಲ ಕಡೆ ಒಂದೇ ಸಮನಾದ ಕೆಂಪಿನ ಅಗ್ಗದ ಗಟ್ಟಿ ಕಂಡರೆ ಪೊಟ್ಟಣದ ಹಿಂಭಾಗವನ್ನು ಓದಬೇಕು. ಇದಕ್ಕೆ ವಿರುದ್ಧವಾಗಿ, ಅನಿಲ ತಾಗದ ಒಳ್ಳೆಯ ಟ್ಯೂನಾ ಮನೆಯ ಫ್ರೀಜರ್‌ನಲ್ಲಿ ಕೆಲವೇ ವಾರಗಳಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ. ವ್ಯಾಪಾರದ ಶೈತ್ಯಾಗಾರಗಳಲ್ಲಿ ಅದನ್ನು ಮೈನಸ್ 60 ಡಿಗ್ರಿಯ ಸುಮಾರಿನಲ್ಲಿ ಇಡುವುದು ಈ ಕಾರಣಕ್ಕಾಗಿಯೇ. ಹಾಗಾಗಿ ರಿಯಾಯಿತಿಯಿದೆಯೆಂದು ಟ್ಯೂನಾವನ್ನು ಕಿಲೋಗಟ್ಟಲೆ ತಂದು ತುಂಬಿಸಿಡುವುದರಲ್ಲಿ ಉಳಿತಾಯವಿಲ್ಲ. ‘ಬಿಳಿ ಟ್ಯೂನಾ’ ಎಂಬ ಹೆಸರಿನ ಅಗ್ಗದ ಮೀನಿನ ಬಗ್ಗೆಯೂ ಎಚ್ಚರ ಬೇಕು. ಅದು ಆಲ್ಬಕೋರ್ ಆಗಿರಬಹುದು, ಎಸ್ಕೊಲಾರ್ ಎಂಬ ಬೇರೆಯೇ ಮೀನಾಗಿರಲೂಬಹುದು. ಎಸ್ಕೊಲಾರ್ ಮಾಂಸದಲ್ಲಿ ಮನುಷ್ಯ ಜೀರ್ಣಿಸಿಕೊಳ್ಳಲಾರದ ಮೇಣದಂಥ ಎಣ್ಣೆಯಿದ್ದು ಅದು ಎಣ್ಣೆಭೇದಿಗೆ ಕಾರಣವಾಗುತ್ತದೆ. ಜಪಾನಿನಲ್ಲಿ ಅದರ ಮಾರಾಟವನ್ನೇ ನಿಷೇಧಿಸಲಾಗಿದೆ.

ಸಾಲ್ಮನ್ ಹಸಿಯಾಗಿ ತಿನ್ನುವ ಮೀನಾದದ್ದು ಇತ್ತೀಚಿನ ಸಂಗತಿ. ಜಪಾನೀಯರು ತಮ್ಮ ಕಡಲಿನ ಕಾಡು ಸಾಲ್ಮನ್ ಅನ್ನು ಹುಳುಗಳ ಕಾರಣಕ್ಕೆ ಬೇಯಿಸಿಯೇ ತಿನ್ನುತ್ತಿದ್ದರು. 1980ರ ದಶಕದಲ್ಲಿ ನಾರ್ವೆಯವರು ತಾವು ಸಾಕಿದ ಸಾಲ್ಮನ್‌ಗೆ ಅಲ್ಲಿ ಮಾರುಕಟ್ಟೆ ಹುಡುಕಿದ ಮೇಲೆ ಅದು ಸುಶಿಯ ಪಟ್ಟಿಗೆ ಸೇರಿತು. ಸಾಕಿದ ಮೀನು ವರ್ಷವಿಡೀ ಸಿಗುವುದರಿಂದ, ಕೊಬ್ಬು ಹೆಚ್ಚಿರುವುದರಿಂದ, ಮನೆಯ ಸುಶಿಗೆ ಇಷ್ಟು ಅನುಕೂಲವಾದದ್ದು ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಬೆನ್ನಿನ ದಪ್ಪ ಭಾಗ ನಿಗಿರಿಗೆ, ಕೊಬ್ಬಿನ ಹೊಟ್ಟೆಯ ಪಟ್ಟಿ ಚಿರಾಶಿಗೆ, ತೆಳುವಾದ ಬಾಲದ ಭಾಗ ಸುರುಳಿಗೆ ಸರಿಹೊಂದುತ್ತವೆ. ಅಂಗಡಿಯವರು ಬಾಲದ ತುಂಡನ್ನು ಕಡಿಮೆ ಬೆಲೆಗೆ ಕೊಡುವುದಾದರೆ ಸುರುಳಿ ಮಾಡುವವರು ಧಾರಾಳವಾಗಿ ತೆಗೆದುಕೊಳ್ಳಬಹುದು. ಕಾಡು ಸಾಲ್ಮನ್ ಆದರೆ ನಿಯಮದಂತೆ ಹೆಪ್ಪುಗಟ್ಟಿಸಿದ್ದೆಂಬ ಖಾತರಿ ಬೇಕೇಬೇಕು. ಬಂಗುಡೆ ಜಾತಿಯ ಮೀನುಗಳಿಗೂ ಇದೇ ಮಾತು: ಉಪ್ಪು ಮತ್ತು ವಿನೆಗರ್‌ನಲ್ಲಿ ನೆನೆಸಿದರೆ ಹುಳು ಸಾಯುತ್ತದೆಂದು ಬಹಳ ಜನ ನಂಬಿದ್ದಾರೆ, ಅದು ತಪ್ಪು, ಮೊದಲು ಸರಿಯಾಗಿ ಹೆಪ್ಪುಗಟ್ಟಿಸಿರಬೇಕು, ಆಮೇಲೆ ವಿನೆಗರ್.

ಅಂಗಡಿಯಲ್ಲಿ ಕೇಳಬೇಕಾದದ್ದು

‘ಇದು ಸುಶಿಗೆ ಆಗುತ್ತದೆಯೇ’ ಎಂದು ಕೇಳಿದರೆ ‘ಆಗುತ್ತದೆ’ ಎಂಬ ಉತ್ತರ ಎಲ್ಲ ಕಡೆಯೂ ಸಿಗುತ್ತದೆ. ಅದಕ್ಕಿಂತ, ಇದು ಸಾಕಿದ್ದೋ ಹಿಡಿದದ್ದೋ, ಹೆಪ್ಪುಗಟ್ಟಿಸಿದ್ದಾದರೆ ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು, ಯಾವಾಗ ಕರಗಿಸಿದಿರಿ, ಹಸಿಯಾಗಿ ತಿನ್ನುವುದನ್ನು ಕೊಯ್ಯಲು ಬೇರೆ ಚಾಕು ಮತ್ತು ಹಲಗೆ ಇವೆಯೇ ಎಂದು ಕೇಳಬೇಕು. ತಿಳಿದ ವ್ಯಾಪಾರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ; ತಡವರಿಸುವವನಿಂದ ಅಡುಗೆಗೆ ಮೀನು ಕೊಂಡು, ಸುಶಿಗೆ ಬೇರೆ ಕಡೆ ನೋಡುವುದು ಒಳ್ಳೆಯದು. ಮೊದಲೇ ತಿಳಿಸಿದರೆ ಕೆಲವರು ದೊಡ್ಡ ಗಟ್ಟಿಯಿಂದ ಬೇಕಾದಷ್ಟೇ ಗ್ರಾಂ ಕೊಯ್ದು ಕೊಡುತ್ತಾರೆ, ಗಟ್ಟಿ ಮಾಡುವಾಗ ಉಳಿದ ಚೂರುಗಳನ್ನು ಬಹಳ ಕಡಿಮೆ ಬೆಲೆಗೆ ಕೊಡುವುದೂ ಉಂಟು. ಆ ಚೂರುಗಳು ಹಸಿಯಾಗಿ ತಿನ್ನುವ ಮೀನಿನವೇ, ಅದೇ ದಿನದವೇ ಎಂದು ಖಚಿತವಾದರೆ ಸುರುಳಿ ಮತ್ತು ಬಟ್ಟಲಿಗೆ ಅದಕ್ಕಿಂತ ಲಾಭದ ಖರೀದಿಯಿಲ್ಲ. ಸಂಜೆ ಬೆಲೆ ಇಳಿಸಿದ ಹೋಳುಗಳನ್ನು ಆ ರಾತ್ರಿಯೇ ತಿನ್ನುವುದಾದರೆ ಮಾತ್ರ ಕೊಳ್ಳಬೇಕು.

ದೂರದಿಂದ ತರಿಸುವಾಗ ಮಂಜಿನ ಪೆಟ್ಟಿಗೆ ಮತ್ತು ಸಾಗಣೆಯ ಖರ್ಚನ್ನು ಮೀನಿನ ತೂಕಕ್ಕೆ ಹಂಚಿ ನೋಡಬೇಕು. 400 ಗ್ರಾಂ ಮೀನಿನ ಬೆಲೆ 120, ಸಾಗಣೆ 80 ಎಂದಾದರೆ ಅದು ವಾಸ್ತವದಲ್ಲಿ ಕಿಲೋಗೆ 500 ಬೆಲೆಯ ಮೀನು. ಎರಡು ಮೂರು ಮನೆಯವರು ಸೇರಿ ತರಿಸಿ ಬಂದ ದಿನವೇ ಹಂಚಿಕೊಂಡರೆ ಈ ಹೊರೆ ಇಳಿಯುತ್ತದೆ.

ಮನೆಗೆ ತಂದ ಮೇಲೆ ಕೆಡಿಸದಿರುವುದು

ಒಳ್ಳೆಯ ಬೆಲೆ ತೆತ್ತು ತಂದ ಹೆಪ್ಪುಗಟ್ಟಿದ ಗಟ್ಟಿಯನ್ನು ಅಡುಗೆಕಟ್ಟೆಯ ಮೇಲೆ ಹಾಗೆಯೇ ಬಿಟ್ಟರೆ ಹೊರಗೆ ಮೆತ್ತಗಾಗಿ ಒಳಗೆ ಕಲ್ಲಾಗಿ, ರಸವೆಲ್ಲ ತಟ್ಟೆಗೆ ಇಳಿಯುತ್ತದೆ. ಟ್ಯೂನಾಕ್ಕೆ ಜಪಾನಿನಲ್ಲಿ ರೂಢಿಯಲ್ಲಿರುವ ಕ್ರಮ ಹೀಗಿದೆ: 40 ಡಿಗ್ರಿಯ ಸುಮಾರಿನ ಬೆಚ್ಚಗಿನ ನೀರಿಗೆ ಲೀಟರಿಗೆ 30ರಿಂದ 40 ಗ್ರಾಂ ಉಪ್ಪು ಹಾಕಿ, ಗಟ್ಟಿಯನ್ನು ಅದರಲ್ಲಿ ಒಂದೆರಡು ನಿಮಿಷ ಮುಳುಗಿಸಿ, ಹೊರಮೈ ಮೆತ್ತಗಾಗಿ ನಡುಭಾಗ ಇನ್ನೂ ಗಟ್ಟಿಯಿರುವಾಗಲೇ ತೆಗೆದು, ನೀರು ಒರೆಸಿ, ಹೀರುವ ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿಡಬೇಕು. ಕೆಲವು ಗಂಟೆಗಳಲ್ಲಿ ಕೊಯ್ಯಲು ಹದವಾಗುತ್ತದೆ. ಪೂರ್ತಿ ಕರಗುವ ತುಸು ಮುನ್ನವೇ ಕೊಯ್ದರೆ ಹೋಳುಗಳು ಅಚ್ಚುಕಟ್ಟಾಗಿ ಬರುತ್ತವೆ, ಚೂರಾಗುವುದು ಕಡಿಮೆ. ಸಾಲ್ಮನ್ ಮತ್ತು ಬಿಳಿ ಮೀನುಗಳನ್ನು ರಾತ್ರಿಯೇ ಫ್ರಿಜ್‌ಗೆ ಇಳಿಸಿದರೆ ಆಯಿತು. ಗಾಳಿ ತೆಗೆದು ಮುಚ್ಚಿದ ಪೊಟ್ಟಣವನ್ನು ಕರಗಿಸುವ ಮುನ್ನ ಕತ್ತರಿಸಿ ತೆರೆಯಬೇಕು, ಏಕೆಂದರೆ ಗಾಳಿಯಿಲ್ಲದಲ್ಲಿ ಬೆಳೆಯುವ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಒಂದು ಬಗೆ ಫ್ರಿಜ್‌ನ ತಂಪಿನಲ್ಲಿಯೂ ವಿಷ ಉಂಟುಮಾಡಬಲ್ಲದು. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸದೆ ಒಂದು ದಿನದೊಳಗೆ ತಿಂದು ಮುಗಿಸಬೇಕು.

ಹೋಳನ್ನು ನರದ ಗೆರೆಗೆ ಅಡ್ಡವಾಗಿ, ಹರಿತವಾದ ಉದ್ದ ಚಾಕುವಿನಿಂದ, ಒಂದೇ ಎಳೆತಕ್ಕೆ ತೆಗೆಯಬೇಕು. ಮೊಂಡು ಚಾಕುವಿನಿಂದಾಗುವ ನಷ್ಟವನ್ನು ಯಾರೂ ಖರ್ಚಿನ ಪಟ್ಟಿಯಲ್ಲಿ ಬರೆಯುವುದಿಲ್ಲವಾದರೂ, 15 ಗ್ರಾಂ ಸಾಕಾದಲ್ಲಿ 22 ಗ್ರಾಂನ ದಪ್ಪ ಹೋಳು ಹೋಗುತ್ತಿದ್ದರೆ ನಾಲ್ವರ ಮೀನು ಮೂವರಿಗೂ ಸಾಲುವುದಿಲ್ಲ. ಮೊದಮೊದಲು ಒಂದೆರಡು ಹೋಳುಗಳನ್ನು ತಕ್ಕಡಿಯಲ್ಲಿಟ್ಟು ತೂಗಿ ನೋಡಿದರೆ ಕೈಗೆ ಅಂದಾಜು ಬರುತ್ತದೆ. ಸಾಲ್ಮನ್ ಚರ್ಮವನ್ನು ಹುರುಪೆ ಕೆರೆದು ಗರಿಗರಿಯಾಗಿ ಹುರಿದರೆ ಒಂದು ಸುರುಳಿಗೆ ಹೂರಣವಾಗುತ್ತದೆ. ಇಡೀ ಮೀನು ತಂದವರಿಗೆ ತಲೆ ಮತ್ತು ಮುಳ್ಳಿನಿಂದ ಸಾರು ಸಿಗುತ್ತದೆ.

ಹಸಿ ಮೀನಿನ ಪಾಲು ಇಳಿಸುವುದು

ಸುಶಿಯೆಂದರೆ ಹಸಿ ಮೀನೇ ಎಂಬ ಭಾವನೆ ಖರ್ಚನ್ನು ಅನಗತ್ಯವಾಗಿ ಏರಿಸುತ್ತದೆ. 1820ರ ದಶಕದಲ್ಲಿ ಎಡೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ನಿಗಿರಿಯನ್ನು ಜನಪ್ರಿಯಗೊಳಿಸಿದವನೆಂದು ಹೇಳಲಾಗುವ ಹನಾಯ ಯೋಹೆಯಿಯ ಕಾಲದಲ್ಲಿ ಮೀನನ್ನು ಸೋಯಾದಲ್ಲಿ ನೆನೆಸಿಯೋ, ವಿನೆಗರ್‌ನಲ್ಲಿ ಹದಗೊಳಿಸಿಯೋ, ಬೇಯಿಸಿಯೋ ಇಡುತ್ತಿದ್ದರು. ಇಂದಿಗೂ ಬೇಯಿಸಿದ ಸೀಗಡಿ, ಬೇಯಿಸಿದ ಆಕ್ಟೋಪಸ್, ಸುಟ್ಟ ಹಾವುಮೀನು, ಸಿಹಿಯಾದ ಮೊಟ್ಟೆಯ ಗಟ್ಟಿ ಇವೆಲ್ಲ ಸುಶಿಯ ಮುಖ್ಯ ಬಗೆಗಳೇ. ಮೊಟ್ಟೆಯದೊಂದು, ಸೌತೆಕಾಯಿಯ ಸುರುಳಿಯೊಂದು, ಬೇಯಿಸಿದ ಸೀಗಡಿಯದೊಂದು ಎಂದು ಮೊದಲೇ ಸ್ಥಾನ ಕೊಟ್ಟರೆ ಹಸಿ ಮೀನು 400 ಗ್ರಾಂನಿಂದ 250 ಗ್ರಾಂಗೆ ಇಳಿಯುತ್ತದೆ, ಆ 250 ಗ್ರಾಂ ಅನ್ನು ಒಂದು ಮೆಟ್ಟಿಲು ಮೇಲಿನ ಗುಣಮಟ್ಟದಲ್ಲಿ ಕೊಳ್ಳಲು ಹಣವೂ ಉಳಿಯುತ್ತದೆ.

ಹಸಿ ಮೀನಿನ ಬಗೆಗಳನ್ನು ಎರಡಕ್ಕೆ ನಿಲ್ಲಿಸಬೇಕೆಂಬುದು ನನ್ನ ಖಚಿತ ಸಲಹೆ. ಉಪಾಹಾರಗೃಹದವರು ಒಂದು ಮೀನನ್ನು ಹಲವು ಗಿರಾಕಿಗಳಿಗೆ ಹಂಚುವುದರಿಂದ ಒಂದು ತಟ್ಟೆಯಲ್ಲಿ ಎಂಟು ಬಗೆ ಇಡಬಲ್ಲರು. ಮನೆಯಲ್ಲಿ ಇಬ್ಬರಿಗಾಗಿ ಎಂಟು ಬಗೆ ತಂದರೆ ಪ್ರತಿಯೊಂದರಲ್ಲೂ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಅಷ್ಟು ವೈವಿಧ್ಯ ಬೇಕೆನಿಸಿದ ದಿನ ಹೊರಗೆ ಹೋಗಿ ತಿನ್ನುವುದೇ ಅಗ್ಗ. ಸಾಲ್ಮನ್ ಮತ್ತು ಟ್ಯೂನಾ, ಅಥವಾ ಸಾಲ್ಮನ್ ಮತ್ತು ಒಂದು ಬಿಳಿ ಮೀನು, ಇಷ್ಟರಿಂದಲೇ ನಿಗಿರಿ, ಸುರುಳಿ, ಬಟ್ಟಲು ಮೂರನ್ನೂ ಮಾಡಬಹುದು.

ಉಳಿದ ಹಸಿ ಮೀನನ್ನು ಅದೇ ರಾತ್ರಿ ಸೋಯಾದಲ್ಲಿ ನೆನೆಸಿ ಫ್ರಿಜ್‌ನಲ್ಲಿಟ್ಟು ಮರುದಿನ ಹುರಿದು ತಿನ್ನಬಹುದು. ಆದರೆ ಊಟದ ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಕಾಲ ಇದ್ದ ಟ್ಯೂನಾ ಅಥವಾ ಬಂಗುಡೆ ಜಾತಿಯ ಮೀನನ್ನು, ಎಷ್ಟೇ ಬೆಲೆ ತೆತ್ತು ತಂದಿದ್ದರೂ, ಬಿಸಾಡಬೇಕು. ಅವುಗಳಲ್ಲಿ ಬೆಚ್ಚಗೆ ಬಿಟ್ಟಾಗ ಹುಟ್ಟುವ ಹಿಸ್ಟಮೀನ್ ಬೇಯಿಸಿದರೂ ಹೋಗುವುದಿಲ್ಲ, ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ಮುಖ ಕೆಂಪೇರಿ, ತುರಿಕೆ, ತಲೆನೋವು ಬರಿಸುವಷ್ಟು ಅದು ಕೂಡಿದ್ದರೂ ಮೀನಿನ ವಾಸನೆಯಲ್ಲಿ ಬದಲಾವಣೆ ಕಾಣದಿರಬಹುದು.